ನೆನೆಸಿದರೆ ಬಾದಾಮಿಯ ಕ್ಯಾಲೊರಿ ಇಳಿಯುತ್ತದೆಯೇ?

ರಾತ್ರಿ ನೆನೆಸಿಟ್ಟ ಬಾದಾಮಿಯನ್ನು ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ನೆನೆಸಿದರೆ ಕೊಬ್ಬು ಇಳಿಯುತ್ತದೆ, ಎಷ್ಟು ತಿಂದರೂ ತೂಕ ಹೆಚ್ಚದು ಎಂದು ಕೆಲವರು ನಂಬಿದ್ದಾರೆ. ಇದು ಸರಿಯಲ್ಲ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಹತ್ತು ಬಾದಾಮಿಯಲ್ಲಿ ಸುಮಾರು 70 ಕ್ಯಾಲೊರಿ ಇರುತ್ತದೆ. ನೆನೆಸಿದ ಮೇಲೂ ಹೆಚ್ಚುಕಡಿಮೆ ಅಷ್ಟೇ. ನೀರು ಹೀರಿ ಭಾರವಾಗುವುದರಿಂದ 100 ಗ್ರಾಂ ಲೆಕ್ಕದಲ್ಲಿ ಮಾತ್ರ ಕಡಿಮೆ ಕಾಣುತ್ತದೆ. ಆದ್ದರಿಂದ ಎಣಿಸಿ ತಿನ್ನಿ.

ಹಾಗಾದರೆ ನೆನೆಸುವುದು ವ್ಯರ್ಥವೇ? ಅಲ್ಲ. ಬಾದಾಮಿ ಮೆತ್ತಗಾಗಿ, ಹಲ್ಲು ಸಡಿಲವಾದ ಹಿರಿಯರಿಗೆ ಅಗಿಯಲು ಸುಲಭವಾಗುತ್ತದೆ. ಸಿಪ್ಪೆಯಲ್ಲಿ ನಾರಿನಂಶವಿದೆ, ಅರಗಿಸಿಕೊಳ್ಳಬಲ್ಲವರು ಸುಲಿಯಬೇಕಾಗಿಲ್ಲ.

ಇಫ್ತಾರ್‌ನ ಶರಬತ್ತಿಗೆ ಹಾಕುವ ಸಬ್ಜಾ ಬೀಜವನ್ನು ಮಾತ್ರ ನೆನೆಸಲೇಬೇಕು. ಒಣಬೀಜ ನುಂಗಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿಯನ್ನು, ನೆನೆಸಿದ್ದಾದರೂ, ಕೊಡಬೇಡಿ. ನುಣ್ಣಗೆ ಅರೆದು ಹಾಲಿಗೆ ಬೆರೆಸಿ ಕೊಡಿ.

ಕುಡಿಯುವ ನೀರಿನಲ್ಲೇ ನೆನೆಸಿ, ಪಾತ್ರೆ ಮುಚ್ಚಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಅಂದೇ ತಿಂದು ಮುಗಿಸಿ. ಲೋಳೆಯಾಗಿದ್ದರೆ, ಹುಳಿವಾಸನೆ ಬಂದಿದ್ದರೆ ಎಸೆದುಬಿಡಿ.