ಎಮರ್ಜೆನ್ಸಿ ಡಾಕ್ಟರ್ ಓದಿರೋದು ಏನು, ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತಾ? ಎರಡೂ ಬೇರೆ ಬೇರೆ ಪ್ರಶ್ನೆ

ರಾಮನಗರ: ‘ಆ ಆಸ್ಪತ್ರೆಯ ಎಮರ್ಜೆನ್ಸಿ ಡಾಕ್ಟರ್ ಆಯುಷ್ಮಾನ್ ಕಾರ್ಡ್ ತಗೋತಾರಾ?’ ನಮ್ಮ ತಾಲ್ಲೂಕುಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆಗಾಗ ಬರುವ ಪ್ರಶ್ನೆ ಇದು. ಕೇಳುವವರ ಮನೆಯಲ್ಲಿ ಅಷ್ಟು ಹೊತ್ತಿಗೆ ಯಾರಿಗೋ ಎದೆನೋವು ಬಂದಿರುತ್ತೆ, ಇಲ್ಲಾ ಹೈವೇಯಲ್ಲಿ ಬೈಕ್ ಬಿದ್ದಿರುತ್ತೆ. ಆದರೆ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ನಮ್ಮಲ್ಲಿ ಸರ್ಕಾರಿ ವಿಮೆಗೆ ಸೇರುವುದು ಡಾಕ್ಟರ್ ಅಲ್ಲ, ಆಸ್ಪತ್ರೆ. ಡಾಕ್ಟರ್ ಎಷ್ಟೇ ದೊಡ್ಡವರಿರಲಿ, ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಕಾರ್ಡ್ ನಡೆಯಲ್ಲ. ಹಾಗೇ, ಆಸ್ಪತ್ರೆ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರ್ ಎಮರ್ಜೆನ್ಸಿ ಸ್ಪೆಷಲಿಸ್ಟ್ ಅಂತಲೂ ಅರ್ಥ ಅಲ್ಲ.

ಮೊದಲು ಡಾಕ್ಟರ್ ವಿಷಯ. ಎಮರ್ಜೆನ್ಸಿ ಮೆಡಿಸಿನ್ ಅನ್ನೋದು ನಮ್ಮ ದೇಶದಲ್ಲಿ ಹೊಸ ವಿಭಾಗ. ಇದನ್ನು ಪ್ರತ್ಯೇಕ ಸ್ಪೆಷಾಲಿಟಿ ಅಂತ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದೇ 2009ರಲ್ಲಿ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಡಿ ಅಥವಾ ಡಿಎನ್‌ಬಿ ಮಾಡಿದವರು ಈ ವಿಭಾಗದ ಸ್ಪೆಷಲಿಸ್ಟ್. ಬೋರ್ಡ್‌ಗಳಲ್ಲಿ ‘ಎಂಇಎಂ’ ಅಂತ ಇನ್ನೊಂದು ಕಾಣುತ್ತೆ. ಖಾಸಗಿ ಆಸ್ಪತ್ರೆಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುವ ತರಬೇತಿ ಅದು. ತರಬೇತಿ ಚೆನ್ನಾಗೇ ಇರಬಹುದು, ಆದರೆ ಎಂಡಿಗೆ ಸಮ ಅಂತ ಸರ್ಕಾರ ಮಾನ್ಯ ಮಾಡಿದ ಡಿಗ್ರಿ ಅಲ್ಲ. ಇನ್ನು ತಾಲ್ಲೂಕು ಮಟ್ಟದಲ್ಲಿ ಕ್ಯಾಷುವಾಲ್ಟಿಯಲ್ಲಿ ಸಾಮಾನ್ಯವಾಗಿ ಸಿಗುವವರು ಎಂಬಿಬಿಎಸ್ ಡ್ಯೂಟಿ ಡಾಕ್ಟರ್. ಅದರಲ್ಲಿ ತಪ್ಪೇನೂ ಇಲ್ಲ. ಉಸಿರು, ರಕ್ತಸ್ರಾವ, ಬಿಪಿ ನೋಡಿ ಸ್ಥಿತಿ ಹಿಡಿತಕ್ಕೆ ತಂದು ಮುಂದೆ ಕಳಿಸೋದು ಅವರ ಕೆಲಸ.

ಡಾಕ್ಟರ್ ನಿಜವಾಗಿ ನೋಂದಾಯಿತರೋ ಅಲ್ವೋ ಅಂತ ನೋಡೋಕೆ ಯಾರನ್ನೂ ಕೇಳಬೇಕಿಲ್ಲ. ಚೀಟಿಯ ಮೇಲೆ ರಿಜಿಸ್ಟ್ರೇಷನ್ ನಂಬರ್ ಹಾಕಲೇಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮದಲ್ಲೇ ಇದೆ. ಆ ನಂಬರನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್ ವೆಬ್‌ಸೈಟ್‌ನಲ್ಲೋ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲೋ ಹಾಕಿ ನೋಡಿ, ಹೆಸರು ಬರುತ್ತೆ. ಬಿಎಎಂಎಸ್, ಬಿಎಚ್‌ಎಂಎಸ್ ಓದಿದವರ ನೋಂದಣಿ ಬೇರೆ ಮಂಡಳಿಗಳಲ್ಲಿ ಇರುತ್ತೆ, ಹಾಗಾಗಿ ಈ ಪಟ್ಟಿಯಲ್ಲಿ ಅವರ ಹೆಸರು ಸಿಗಲ್ಲ. ಅವರು ಅವರ ಪದ್ಧತಿಯ ಡಾಕ್ಟರ್‌ಗಳೇ. ಆದರೆ ಹಾರ್ಟ್ ಅಟ್ಯಾಕ್ ಆದವರನ್ನು ಕರ್ಕೊಂಡು ಹೋದಾಗ ಎದುರಿಗೆ ನಿಂತವರು ಯಾವ ಪದ್ಧತಿಯವರು ಅಂತ ತಿಳ್ಕೊಳ್ಳೋ ಹಕ್ಕು ನಿಮಗಿದೆ. ಆಸ್ಪತ್ರೆಗೂ ಇದೇ ಲೆಕ್ಕ. ಕೆಪಿಎಂಇ ಕಾಯ್ದೆಯಡಿ ನೋಂದಣಿ ನಂಬರ್ ಬೋರ್ಡ್ ಮೇಲೆ ಇರಬೇಕು. ಅಲೋಪಥಿಗೆ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು ಬೋರ್ಡ್ ಅಂತ 2024ರಲ್ಲಿ ಆರೋಗ್ಯ ಇಲಾಖೆ ಹೇಳಿದೆ.

ಈಗ ಕಾರ್ಡ್. ನಮ್ಮಲ್ಲಿ ನಡೆಯೋದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’. ರಾಜ್ಯದ ಆರೋಗ್ಯ ಕರ್ನಾಟಕ 2018ರ ಮಾರ್ಚ್‌ನಲ್ಲಿ ಶುರುವಾಯ್ತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆ ಜೊತೆ ಸೇರಿತು. ನೋಡಿಕೊಳ್ಳೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ.

ಎಪಿಎಲ್‌ನವರದು ಬೇರೆ ಕಥೆ, ಅಂಗಡಿ ಇಟ್ಕೊಂಡಿರೋರು ಎಡವೋದು ಇಲ್ಲೇ. ಬಜಾರಿನಲ್ಲಿ ದಿನಸಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿ ನಡೆಸುವ ಎಷ್ಟೋ ಜನರ ಕೈಯಲ್ಲಿರೋದು ಎಪಿಎಲ್ ಕಾರ್ಡ್. ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀವಲ್ಲ, 5 ಲಕ್ಷ ಇದೆ ಅಂದ್ಕೊಂಡಿರ್ತಾರೆ. ಇಲ್ಲ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಟ್ಟು 1.5 ಲಕ್ಷದ ಒಳಗೆ. ಒಂದು ಆಪರೇಷನ್‌ನ ಪ್ಯಾಕೇಜ್ 1 ಲಕ್ಷ ಅಂತಿಟ್ಕೊಳ್ಳಿ, 30 ಸಾವಿರ ಟ್ರಸ್ಟ್‌ನದು, 70 ಸಾವಿರ ನಿಮ್ಮದು. ಕಾರ್ಡ್ ಒಂದೇ ಥರ ಕಾಣುತ್ತೆ, ಬಿಲ್ ಮಾತ್ರ ಬೇರೆ. ರೇಷನ್ ಕಾರ್ಡ್ ಪರಿಶೀಲನೆಯಲ್ಲಿ ಬಿಪಿಎಲ್‌ನಿಂದ ಎಪಿಎಲ್‌ಗೆ ಹೋದವರು ಇದನ್ನು ಈಗಲೇ ನೋಡ್ಕೊಳ್ಳೋದು ಒಳ್ಳೇದು. ಕ್ಯಾಷುವಾಲ್ಟಿ ಬಾಗಿಲಲ್ಲಿ ನಿಂತು ತಿಳ್ಕೊಳ್ಳೋ ವಿಷಯ ಅಲ್ಲ ಇದು.

ಹಾಲಿನ ಡೇರಿಗೋ, ಸೊಸೈಟಿಗೋ ಸದಸ್ಯರಾದವರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತಿದ್ದು 2022ರ ನವೆಂಬರ್‌ನಿಂದ ಮತ್ತೆ ನೋಂದಣಿ ಶುರುವಾಯ್ತು. ಹಳ್ಳಿ ಕಡೆಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮಿತಿ 5 ಲಕ್ಷ. ಕನಕಪುರ, ಮಾಗಡಿ ಕಡೆ ಡೇರಿಗೆ ಹಾಲು ಹಾಕುವ ಎಪಿಎಲ್ ಮನೆಗಳಿಗೆ ಇದು ನಿಜಕ್ಕೂ ಉಪಯೋಗ. ಆದರೆ ಇದಕ್ಕೂ ಆಸ್ಪತ್ರೆಗಳ ಪಟ್ಟಿ ಬೇರೆ ಇದೆ, ನೋಂದಣಿಗೆ ಕೊನೇ ದಿನವೂ ಇರುತ್ತೆ.

ಇನ್ನು ಖಾಸಗಿ ಆಸ್ಪತ್ರೆಗೆ ಸೀದಾ ಹೋಗಬಹುದಾ? ಸಾಮಾನ್ಯ ಚಿಕಿತ್ಸೆಗೆ ಆಗಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲ ಅಂದರೆ ಅವರೇ ರೆಫರಲ್ ಕೊಡ್ತಾರೆ. ಎಮರ್ಜೆನ್ಸಿಗೆ ಮಾತ್ರ ವಿನಾಯಿತಿ. ಯೋಜನೆಯಲ್ಲಿ ‘4ಎ’ ಅಂತ ಒಂದು ಪಟ್ಟಿ ಇದೆ, ಅದರಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಆದರೆ ನಮಗೆ ಎಮರ್ಜೆನ್ಸಿ ಅನ್ನಿಸಿದ್ದೆಲ್ಲ 4ಎ ಅಲ್ಲ. ಇದು ಆ ಪಟ್ಟಿಗೆ ಬರುತ್ತೆ ಅಂತ ಕೇಸ್ ಶೀಟ್‌ನಲ್ಲಿ ಬರೆಯೋದು ಕ್ಯಾಷುವಾಲ್ಟಿಯ ಡಾಕ್ಟರ್. ಡಾಕ್ಟರ್ ಓದಿರೋದಕ್ಕೂ ನಿಮ್ಮ ಕಾರ್ಡಿಗೂ ಇರೋ ಸಂಬಂಧ ಇದೊಂದೇ ಜಾಗದಲ್ಲಿ. ಅವರು ಸರಿಯಾಗಿ ಗುರುತಿಸಿ ಬರೆದರೆ ಕೆಲಸ ಸಲೀಸು. ಇನ್ನೊಂದು ವಿಷಯ: ಆಸ್ಪತ್ರೆ ಪಟ್ಟಿಗೆ ಸೇರೋದು ವಿಭಾಗವಾರು. ಹೃದಯಕ್ಕೆ ಇರುವ ಆಸ್ಪತ್ರೆ ತಲೆ ಪೆಟ್ಟಿಗೆ ಇಲ್ಲದಿರಬಹುದು. ‘ಆಯುಷ್ಮಾನ್ ಇದೆಯಾ’ ಅಂತ ಕೇಳಿದರೆ ‘ಇದೆ’ ಅಂತಾರೆ, ಅದು ಸುಳ್ಳೂ ಅಲ್ಲ. ‘ಈ ಚಿಕಿತ್ಸೆಗೆ ಇದೆಯಾ’ ಅಂತ ಅಲ್ಲಿರುವ ಆರೋಗ್ಯ ಮಿತ್ರರನ್ನೇ ಕೇಳಿ. ಮನೆಯಿಂದ ಹೊರಡೋ ಮೊದಲು 104ಕ್ಕೋ 14555ಕ್ಕೋ ಫೋನ್ ಮಾಡಿದರೂ ಆಗುತ್ತೆ.

ಹೈವೇ ಅಪಘಾತಕ್ಕೆ ಬೇರೆಯೇ ದಾರಿ ಇದೆ. ಬಿಡದಿಯಿಂದ ಚನ್ನಪಟ್ಟಣದವರೆಗೆ ಮೈಸೂರು ರಸ್ತೆಯ ಪಕ್ಕದಲ್ಲೇ ಬದುಕುವ ನಮಗೆ ಇದು ಗೊತ್ತಿರಬೇಕು. 2025ರ ಮೇ 5ರಂದು ಕೇಂದ್ರ ಹೊರಡಿಸಿದ ಯೋಜನೆ ಪ್ರಕಾರ, ರಸ್ತೆ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆದರೂ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷದಷ್ಟು ಚಿಕಿತ್ಸೆ ನಗದು ಕಟ್ಟದೆ ಸಿಗಬೇಕು. ಬಿಪಿಎಲ್, ಎಪಿಎಲ್ ಲೆಕ್ಕ ಇಲ್ಲ. ಗೊತ್ತುಪಡಿಸಿದ ಆಸ್ಪತ್ರೆ ಅಲ್ಲದಿದ್ದರೆ ಸ್ಥಿತಿ ಹಿಡಿತಕ್ಕೆ ತರುವಷ್ಟು ಚಿಕಿತ್ಸೆಗೆ ಮಾತ್ರ ಅನ್ವಯ.

‘ಪೊಲೀಸ್ ಕೇಸ್, ಬೇರೆ ಕಡೆ ಹೋಗಿ’ ಅಂತ ಕಳಿಸೋ ಹಾಗಿಲ್ಲ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಮುಗಿಸಿದೆ. ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ನೋಡದೆ 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಕಳಿಸಿತ್ತು, ದಾರಿಯಲ್ಲೇ ಆತ ತೀರಿಕೊಂಡ. ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲು ಜೀವ ಉಳಿಸಬೇಕು, ಕಾನೂನು ವಿಧಿವಿಧಾನ ಆಮೇಲೆ ಅಂತ ಕೋರ್ಟ್ ಹೇಳಿತು. ತುರ್ತು ಸ್ಥಿತಿಯಲ್ಲಿ ಅಡ್ವಾನ್ಸ್ ಕಟ್ಟಿ ಅಂತ ಹಟ ಹಿಡಿಯಬಾರದು ಅಂತ ನಮ್ಮ ರಾಜ್ಯದ ಕೆಪಿಎಂಇ ತಿದ್ದುಪಡಿಯೂ ಹೇಳುತ್ತೆ. ತೀರಿಕೊಂಡರೆ ಬಿಲ್ ಬಾಕಿ ಅಂತ ಶವ ಹಿಡಿದಿಡುವಂತೆಯೂ ಇಲ್ಲ.

ಜಗಳ ಆದರೆ ಯಾರ ಹತ್ರ ಹೋಗಬೇಕು? ಬಿಲ್, ಬೋರ್ಡ್, ನೋಂದಣಿ ವಿಷಯಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಕೆಪಿಎಂಇ ಪ್ರಾಧಿಕಾರ. ಅರ್ಜಿ ಕೊಡೋದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ. ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾದರೂ ಕಚೇರಿ ರಾಮನಗರದಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಡಿ. ಡಾಕ್ಟರ್ ನಡವಳಿಕೆ, ಡಿಗ್ರಿ ವಿಷಯಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಎರಡಕ್ಕೂ ಕಾಗದ ಬೇಕು: ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ, ನೋಡಿದ ಡಾಕ್ಟರ್ ಹೆಸರು ಮತ್ತು ನಂಬರ್. ರೋಗಿಯೋ, ರೋಗಿಯ ಕಡೆಯ ಅಧಿಕೃತರೋ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ನಿಯಮ ಇದೆ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.