ಅಟ್ಟದ ಮೇಲಿನ ಗಾಯಕರು

ಪಿ. ಕಾಳಿಂಗರಾಯರು ತೀರಿಕೊಂಡದ್ದು 1981ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಆಗಿನ್ನೂ ಬೇರೂರಿರಲಿಲ್ಲ. ಹೀಗಾಗಿ ಕನ್ನಡ ಸುಗಮ ಸಂಗೀತದ ಈ ಹಿರಿಯರು ನಮಗೆ ಹೆಚ್ಚಾಗಿ ಧ್ವನಿಯಾಗಿಯೇ ಉಳಿದರು. ಅವರ ನಂತರದ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಅವರು ಹಾಡುವುದನ್ನು ಕಿರುತೆರೆಯಲ್ಲಿ ಕಣ್ಣಾರೆ ಕಾಣುವ ಭಾಗ್ಯ ನಮ್ಮ ಪೀಳಿಗೆಗೆ ಸಿಕ್ಕಿತು. ಈ ಮೂವರೂ ಈಗಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ 80ರ ದಶಕದಲ್ಲಿ ಬೀದಿಗೊಂದೋ ಎರಡೋ ಟಿ.ವಿ. ಇದ್ದವು. ಆಂಟೆನಾವನ್ನು ಬೆಂಗಳೂರಿನ ದಿಕ್ಕಿಗೆ ತಿರುಗಿಸಬೇಕಿತ್ತು. ವಿ.ಸಿ.ಆರ್. ಇದ್ದ ಕೆಲವರು ಭಾವಗೀತೆಯ ಕಾರ್ಯಕ್ರಮ ಬಂದಾಗ ಮುದ್ರಿಸಿಕೊಳ್ಳುತ್ತಿದ್ದರು. ಅಂಥ ಕ್ಯಾಸೆಟ್ಟುಗಳು ಮದುವೆ ಕ್ಯಾಸೆಟ್ಟುಗಳ ಜೊತೆ ಇಂದಿಗೂ ಅಟ್ಟದ ಟ್ರಂಕಿನಲ್ಲಿ ಇರಬಹುದು.

'ಇದನ್ನು ಇಟ್ಟುಕೊಂಡು ಏನು ಮಾಡುವುದು?' ಎನ್ನುವವರಿಗೆ ಒಂದು ಮಾತು. ಬ್ರಿಟನ್ನಿನ ಬಿ.ಬಿ.ಸಿ. 1960–70ರ ದಶಕಗಳಲ್ಲಿ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಹಾಗೆ ಕಳೆದುಹೋದ ಹಲವು ಕಾರ್ಯಕ್ರಮಗಳ ಧ್ವನಿ ಇಂದು ಉಳಿದಿರುವುದು ವೀಕ್ಷಕರು ತಮ್ಮ ಮನೆಯಲ್ಲಿ ಮಾಡಿಕೊಂಡ ಮುದ್ರಣದಿಂದ.

ಈ ಕ್ಯಾಸೆಟ್ಟಿನೊಳಗೆ ವಿಜ್ಞಾನದ ಒಂದು ಒಳ್ಳೆಯ ಪಾಠವೂ ಇದೆ. ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ತಂದ ವಿ.ಎಚ್.ಎಸ್. ಟೇಪಿನ ಅಗಲ ಅರ್ಧ ಅಂಗುಲ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಕಣಗಳನ್ನು ಅಂಟಿನಿಂದ ಲೇಪಿಸಿರುತ್ತಾರೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಟೇಪು ಸೆಕೆಂಡಿಗೆ 2.34 ಸೆಂ.ಮೀ. ಮಾತ್ರ ಚಲಿಸುತ್ತದೆ. ಮೂರು ಗಂಟೆಗೆ ಎಷ್ಟು ಮೀಟರ್ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಲಿ: ಸುಮಾರು 253.

ಚಿತ್ರಕ್ಕೆ ಇಷ್ಟು ನಿಧಾನ ಸಾಲದು. ಅದಕ್ಕೇ 62 ಮಿ.ಮೀ. ವ್ಯಾಸದ ಒಂದು ಉರುಳೆ, ಓದುವ ತಲೆಗಳನ್ನು ಹೊತ್ತು, ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಪರಿಧಿಯನ್ನು 25ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 4.9 ಮೀಟರ್! ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುವ ಈ ಉಪಾಯವೇ ಇಡೀ ಕಛೇರಿಯನ್ನು ಅಂಗೈಯಗಲದ ಡಬ್ಬಿಗೆ ತುಂಬಿಸಿತು.

ಆದರೆ ಆ ಅಂಟು ಶಾಶ್ವತವಲ್ಲ. ಗಾಳಿಯ ತೇವವನ್ನು ಹೀರಿ ಅದು ಸಡಿಲವಾಗುತ್ತದೆ, ಜೊತೆಗೆ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಹುಳು ಸಾಕುವ ಮನೆಗೆ ಶೇ. 70ರಿಂದ 85ರಷ್ಟು ತೇವಾಂಶ ಬೇಕೆಂದು ನಮ್ಮ ಸೀಮೆಯ ರೈತರಿಗೆ ಗೊತ್ತು. ಟೇಪಿಗೆ ಶೇ. 40 ಮೀರಬಾರದು. ಹುಳುವಿಗೆ ಹಿತವಾದದ್ದು ಹಾಡಿಗೆ ಮಾರಕ.

ಯಂತ್ರದ ಕಥೆಯೂ ಅಷ್ಟೇ. ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಓಡುವ ಯಂತ್ರಗಳೂ, ಅವನ್ನು ರಿಪೇರಿ ಮಾಡಬಲ್ಲವರೂ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಪೋಷಕರು ಮಾಡಬೇಕಾದದ್ದು ಇಷ್ಟೆ. ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ, ಬಿಸಿಲು ಬೀಳದ ಒಣ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಸ್ಪೀಕರಿನ ಪಕ್ಕ ಬೇಡ, ಅದರೊಳಗೆ ಅಯಸ್ಕಾಂತವಿದೆ. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಮೊದಲು ತಿಳಿದವರಿಂದ ಶುಚಿ ಮಾಡಿಸಿ. ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದರೆ ಹಳೆಯದರ ಮೇಲೆ ಹೊಸದು ಮುದ್ರಣವಾಗುವುದಿಲ್ಲ. ಬಳಿಕ ಕಂಪ್ಯೂಟರಿಗೆ ಇಳಿಸಿ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ದೊಡ್ಡ ಪರದೆಯ ಮೇಲೆ ಚಿತ್ರ ಮಸುಕಾಗಿ ಕಂಡರೆ ನಿರಾಶರಾಗಬೇಡಿ. ಈ ಟೇಪು ಹಿಡಿದಿಡುವ ವಿವರವೇ ಸುಮಾರು 240 ಗೆರೆಗಳಷ್ಟು.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದವರು ಯಾರು, ಕವಿ ಯಾರು, ಯಾವ ವರ್ಷ ಎಂದು ಕೇಳಿ ಬರೆದಿಡಿ. ರಾಮನಗರದ ಬಳಿಯ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಊರೂರಿನ ಜನಪದ ಕಲಾವಿದರ ಹಾಡುಗಳನ್ನು ದಾಖಲಿಸಿದ್ದರಿಂದಲೇ ಅವು ಇಂದು ನಮಗೆ ಸಿಗುತ್ತಿವೆ. ಹೆಸರು ಬರೆಯದ ಕ್ಯಾಸೆಟ್ಟು ಉಳಿದರೂ ಅರ್ಧ ಕಳೆದಂತೆಯೇ. ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿಕೊಳ್ಳಿ.