ಒಬ್ಬರ ಹೊಲ, ಇನ್ನೊಬ್ಬರ ಗಾಡಿ

ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ವಿಡಿಯೊ ಗೇಮ್‌ಗಳ ಲೋಕದಲ್ಲಿ ಇವತ್ತಿಗೂ ಅಂಥ ಜನ ಇದ್ದಾರೆ. ದೊಡ್ಡ ಕಂಪನಿಯ ಸಂಬಳವಿಲ್ಲ, ನೂರಾರು ಜನರ ತಂಡವಿಲ್ಲ. ಒಬ್ಬರೋ ನಾಲ್ವರೋ ಒಂದು ಕೋಣೆಯಲ್ಲಿ ಕೂತು ಕಥೆ, ಚಿತ್ರ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲವನ್ನೂ ಹೊಂದಿಸಿ ಆಟ ಕಟ್ಟುತ್ತಾರೆ. ಇವರನ್ನು ಇಂಡಿ ಡೆವಲಪರ್‌ಗಳು ಅನ್ನುತ್ತಾರೆ. ಇವರಿಗೆ ಆಟ ಹೊಳೆಯುವುದು ಎಲ್ಲಿಂದ? ಕಟ್ಟಿ ಮುಗಿಸಿದ ಮೇಲೆ ಆ ಗಂಟು ಹೊರುವವರು ಯಾರು? ಈ ಎರಡೂ ಪ್ರಶ್ನೆಗೆ ‘ಸ್ಟಾರ್‌ಡ್ಯೂ ವ್ಯಾಲಿ’ಯಷ್ಟು ಚೆನ್ನಾಗಿ ಉತ್ತರ ಕೊಡುವ ಆಟ ನನಗೆ ಬೇರೆ ಗೊತ್ತಿಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಎರಿಕ್ ಬರೋನ್ 2011ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿದರು. ಕೆಲಸ ಸಿಗಲಿಲ್ಲ. ಕೈ ಪಳಗಲಿ ಎಂದು ಒಂದು ಸಣ್ಣ ಆಟ ಶುರುಮಾಡಿದರು. ಅದೇ ‘ಸ್ಟಾರ್‌ಡ್ಯೂ ವ್ಯಾಲಿ’; ನಾಲ್ಕೂವರೆ ವರ್ಷ ಹಿಡಿಯಿತು. ಸಿಯಾಟಲ್‌ನ ಥಿಯೇಟರೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಮನೆಯ ಖರ್ಚು ಹೆಚ್ಚಾಗಿ ಸಾಗಿದ್ದು ಸಂಗಾತಿಯ ದುಡಿಮೆಯಲ್ಲಿ. ಪ್ರೋಗ್ರಾಂ ಅವರದೇ, ಚಿತ್ರ ಅವರದೇ, ಸಂಗೀತ ಅವರದೇ, ಊರಿನ ಜನ ಆಡುವ ಮಾತೂ ಅವರದೇ. ಪಾತ್ರಗಳ ಮುಖಗಳನ್ನು ಬರೆದು, ಸರಿ ಬರಲಿಲ್ಲವೆಂದು ಅಳಿಸಿ, ಮತ್ತೆ ಬರೆದರು. ಈಗ ಆ ಹಳೆಯ ಮುಖಗಳನ್ನೂ ಹೊಸವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬ ಮನುಷ್ಯ ಚಿತ್ರಕಲೆ ಕಲಿತ ದಾರಿಯೇ ಕಾಣುತ್ತದೆ.

ಈ ಆಟದ ಬೇರು ಜಪಾನಿನಲ್ಲಿದೆ. ಕ್ಯುಷು ದ್ವೀಪದ ಹಳ್ಳಿಗಾಡಿನಲ್ಲಿ ಬೆಳೆದ ಯಾಸುಹಿರೊ ವಾಡಾ ಟೋಕಿಯೊ ಸೇರಿದ ಮೇಲೆ ಬಿಟ್ಟುಬಂದ ಊರು ಅವರನ್ನು ಕಾಡತೊಡಗಿತು. ಹೊಡೆದಾಟವೇ ಇಲ್ಲದ ಆಟವೊಂದನ್ನು ಮಾಡಬೇಕೆಂಬ ಹಟವೂ ಅವರಿಗಿತ್ತು. 1996ರಲ್ಲಿ ಬಂದ, ಬೇಸಾಯವನ್ನೇ ಆಟವಾಗಿಸಿದ ‘ಹಾರ್ವೆಸ್ಟ್ ಮೂನ್’ ಹುಟ್ಟಿದ್ದು ಹೀಗೆ. ಬರೋನ್ ಚಿಕ್ಕಂದಿನಲ್ಲಿ ಅದನ್ನು ಆಡಿ ಬೆಳೆದವರು. ಆ ಸರಣಿಯ ಮುಂದಿನ ಆಟಗಳು ಅವರಿಗೆ ಹಿಡಿಸಲಿಲ್ಲ. ಅಜ್ಜಿಯ ಕೈರುಚಿ ಯಾವ ಹೋಟೆಲಿನಲ್ಲೂ ಸಿಗದಿದ್ದಾಗ ನಾವೇ ಒಲೆ ಹಚ್ಚುತ್ತೇವಲ್ಲ, ಅವರೂ ಹಾಗೆಯೇ ಮಾಡಿದರು. ಸ್ಫೂರ್ತಿ ಅನ್ನುವ ಮಾತನ್ನು ನಾವು ಸುಮ್ಮನೆ ಎತ್ತರಕ್ಕೇರಿಸಿ ಇಟ್ಟಿದ್ದೇವೆ. ಬಹಳ ಸಲ ಅದು ಮೆಚ್ಚಿದ್ದು ಮತ್ತೆ ಸಿಗದ ಹಸಿವು.

‘ಸ್ಟಾರ್‌ಡ್ಯೂ ವ್ಯಾಲಿ’ ತೆರೆದ ಸ್ವಲ್ಪ ಹೊತ್ತಿಗೆ ಕಾಣುವುದು ಕಚೇರಿಯ ಮೇಜಿನಲ್ಲಿ ಸೋತು ಕೂತ ಒಬ್ಬ ನೌಕರ. ಡ್ರಾಯರಿನಲ್ಲಿ ತೀರಿಹೋದ ಅಜ್ಜ ಬರೆದಿಟ್ಟ ಕಾಗದ, ಹಳ್ಳಿಯಲ್ಲೊಂದು ಹೊಲ. ಹೋಗಿ ನೋಡಿದರೆ ಹೊಲದ ತುಂಬ ಕಲ್ಲು, ಕಳೆ, ಮರದ ಬೊಡ್ಡೆ. ಊರ ಮುಖ್ಯಸ್ಥ ಇಟ್ಟುಹೋದ 15 ಪಾರ್ಸ್‌ನಿಪ್ ಬೀಜದಿಂದಲೇ ಬೇಸಾಯದ ಆರಂಭ. ಪಾರ್ಸ್‌ನಿಪ್ ಎಂದರೆ ಗಜ್ಜರಿಯ ಹತ್ತಿರದ ಒಂದು ಗಡ್ಡೆ. ಮಣ್ಣು ಸಡಿಲಿಸಿ, ಬೀಜ ಹಾಕಿ, ನೀರು ಹನಿಸಿದರೆ ಆ ಒಂದು ಚೌಕದ ಮಣ್ಣು ಮಾತ್ರ ಒದ್ದೆಯಾಗಿ ಕಪ್ಪಾಗುತ್ತದೆ. ಎಲ್ಲಿಗೆ ನೀರು ಬಿತ್ತು, ಎಲ್ಲಿಗೆ ಬೀಳಲಿಲ್ಲ ಎಂದು ಕಣ್ಣಿಗೇ ತಿಳಿಯುತ್ತದೆ. ದಿನವೂ ನೀರುಣಿಸಿದರೆ ನಾಲ್ಕು ದಿನಕ್ಕೆ ಬೆಳೆ. ಹೊಲ ಬೆಳೆದಂತೆ ಕಾಗೆಗಳು ಬರುತ್ತವೆ, ಬೆರ್ಚಪ್ಪನನ್ನು ನಿಲ್ಲಿಸಬೇಕು. ಒಂದೊಂದು ಋತುವಿಗೂ 28 ದಿನ. ಋತು ಕಳೆದ ಮಾರನೆಯ ಬೆಳಿಗ್ಗೆ ಹೊತ್ತು ಮೀರಿದ ಬೆಳೆ ಒಣಗಿ ನಿಂತಿರುತ್ತದೆ. ಮಳೆ ಬಿದ್ದ ದಿನ ನೀರು ಹಾಕುವ ಕೆಲಸವಿಲ್ಲ. ಮೊದಲ ಸಲ ಪರದೆಯ ಮೇಲೆ ಮಳೆ ಹುಯ್ದಾಗ ನನ್ನ ಮೈಯೇ ಹಗುರಾಯಿತು. ಮಳೆಗಾಗಿ ಮುಗಿಲು ನೋಡುತ್ತ ಬೆಳೆದವರಿಗೆ ಈ ಆಟವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಗಂಟು ಹೊರುವ ಮಾತು. 2013ರಲ್ಲಿ, ಆಟ ಇನ್ನೂ ಅರೆಬರೆ ಇದ್ದಾಗಲೇ, ಚಕಲ್‌ಫಿಶ್ ಎಂಬ ಬ್ರಿಟಿಷ್ ಸಂಸ್ಥೆ ಪ್ರಕಟಿಸಲು ಮುಂದೆ ಬಂತು. ಅದೂ ತಾನೇ ಆಟಗಳನ್ನು ಮಾಡುವ ಸಣ್ಣ ಸಂಸ್ಥೆ. ವೆಬ್‌ಸೈಟ್, ಪ್ರಚಾರ, ಮಾರಾಟದ ತಾಣಗಳ ಜೊತೆಗಿನ ವ್ಯವಹಾರಗಳಲ್ಲಿ ಅದು ಹೆಗಲು ಕೊಟ್ಟಿತು. ಆಟ ಕಟ್ಟುವ ಕೆಲಸ ಬರೋನ್ ಅವರಲ್ಲೇ ಉಳಿಯಿತು. 2016ರ ಫೆಬ್ರುವರಿ 26ರಂದು ಆಟ ಹೊರಬಂತು, ಎರಡೇ ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಾಟವಾಯಿತು. ಆಮೇಲೆ ಬೇರೆ ಭಾಷೆಗಳಿಗೆ ಹೋಗಬೇಕಾಯಿತು, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್‌ಗಳಿಗೆ ಹೊಂದಿಸಬೇಕಾಯಿತು, ಹಲವರು ಒಟ್ಟಿಗೆ ಆಡುವ ವ್ಯವಸ್ಥೆ ಬೇಕಾಯಿತು. ಇವೆಲ್ಲ ಒಬ್ಬರ ಕೈಲಾಗುವ ಕೆಲಸಗಳಲ್ಲ, ಚಕಲ್‌ಫಿಶ್ ಕೈಜೋಡಿಸಿತು. 2018ರ ಕೊನೆಗೆ ಬರೋನ್ ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಆವೃತ್ತಿಗಳ ಪ್ರಕಾಶನವನ್ನು ತಮ್ಮ ಕೈಗೇ ತೆಗೆದುಕೊಂಡರು. ಹೊಲದ ಒಡೆತನ ಮೊದಲಿಂದಲೂ ಅವರದೇ ಆಗಿತ್ತು; ಸಂತೆಗೆ ಒಯ್ಯುವ ಗಾಡಿಯಷ್ಟೇ ಬೇರೆಯವರದು. ಈ ಒಂದು ವ್ಯತ್ಯಾಸವೇ ನನಗೆ ಇಡೀ ಕಥೆಯಲ್ಲಿ ಮುಖ್ಯವಾಗಿ ಕಾಣುವುದು. 2024ರ ಕೊನೆಯ ಹೊತ್ತಿಗೆ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ನಡುವೆ ಬಂದ ದೊಡ್ಡ ದೊಡ್ಡ ಸೇರ್ಪಡೆಗಳಿಗೆ ಕೊಂಡವರಿಂದ ಮತ್ತೆ ಒಂದು ಪೈಸೆ ಕೇಳಲಿಲ್ಲ.

ಎಲ್ಲರ ಒಪ್ಪಂದವೂ ಹೀಗೆ ಮುಗಿಯುವುದಿಲ್ಲ. ಲೆಕ್ಕ ಸ್ವಲ್ಪ ಬಿಗಿಯಾದದ್ದು. 100 ರೂಪಾಯಿಯ ಆಟ ಮಾರಾಟವಾದರೆ ಸ್ಟೀಮ್‌ನಂಥ ಆನ್‌ಲೈನ್ ಅಂಗಡಿ ಸಾಮಾನ್ಯವಾಗಿ 30 ರೂಪಾಯಿ ಹಿಡಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಪ್ರಕಾಶಕರು ಕೊಟ್ಟ ಮುಂಗಡ ಮೊದಲು ತೀರಬೇಕು. ಎಷ್ಟೋ ಒಪ್ಪಂದಗಳಲ್ಲಿ ಪ್ರಚಾರದ ಖರ್ಚೂ ಆ ಸಾಲದಲ್ಲೇ ಸೇರುತ್ತದೆ. ಅದೆಲ್ಲ ತೀರಿದ ಮೇಲೆ ಪಾಲು. ಆಟ ಓಡದಿದ್ದರೆ ಮಾಡಿದವರ ಕೈಗೆ ಮುಂಗಡ ಬಿಟ್ಟು ಬೇರೇನೂ ಬಾರದೆ ಹೋಗಬಹುದು. ಸ್ಟಾಕ್‌ಹೋಮಿನ ರಾ ಫ್ಯೂರಿ ಎಂಬ ಪ್ರಕಾಶನ ಸಂಸ್ಥೆ 2021ರಲ್ಲಿ ತನ್ನ ಒಪ್ಪಂದದ ಮಾದರಿಯನ್ನೇ ಎಲ್ಲರೂ ಓದುವಂತೆ ಬಹಿರಂಗಪಡಿಸಿತು. ಗುಟ್ಟಿನಲ್ಲಿ ನಡೆಯುವ ಈ ವ್ಯವಹಾರದಲ್ಲಿ ಅದು ದೊಡ್ಡ ಉಪಕಾರ.

ನಮ್ಮ ದೇಶದಲ್ಲೂ ಈ ದಾರಿ ತೆರೆದಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ’ ಎಂಬ ಆಟಕ್ಕಾಗಿ 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಹೊರಟು ಗುರಿ ಮುಟ್ಟಲಿಲ್ಲ. ಕೈಬಿಡದೆ ಕಟ್ಟಿದರು, ಮುಂದೆ ಪ್ರಕಾಶಕರು ಸಿಕ್ಕು 2020ರಲ್ಲಿ ಆಟ ಹೊರಬಂತು. ಅದೇ ವರ್ಷ ‘ದಿ ಗೇಮ್ ಅವಾರ್ಡ್ಸ್’ನ ಚೊಚ್ಚಲ ಇಂಡಿ ಆಟಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಕಳೆದುಹೋದ ತಮ್ಮನನ್ನು ಹುಡುಕುವ ಅಕ್ಕನ ಕಥೆ ಅದು, ನಡುನಡುವೆ ಕಥೆ ಮುಂದುವರಿಯುವುದು ನೆರಳುಗೊಂಬೆಗಳ ಮೂಲಕ. ದೀಪದ ಮುಂದೆ ತೊಗಲುಗೊಂಬೆ ಕುಣಿಯುವುದನ್ನು ಕಂಡವರಿಗೆ ಅದು ತಟ್ಟನೆ ಗುರುತಾಗುತ್ತದೆ. ನಮ್ಮ ಕಿಳ್ಳೇಕ್ಯಾತರ ಆಟದಲ್ಲಿ ಇಂಥ ಎಷ್ಟು ಆಟಗಳು ಕಾದು ಕೂತಿವೆಯೋ!

ಬೆಂಗಳೂರಿಗೆ ಈ ಕಸುಬು ಹೊಸದಲ್ಲ. 1997ರಲ್ಲೇ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ‘ಫೋರ್ಜಾ’ದಂಥ ವಿದೇಶಿ ಆಟಗಳಿಗೆ ಕಾರುಗಳನ್ನು ರೂಪಿಸಿಕೊಟ್ಟವರು. ಕೈಚಳಕ ನಮ್ಮಲ್ಲಿದೆ, ಕಥೆಗಳಿಗಂತೂ ಬರವೇ ಇಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತ ಆಟವೊಂದಿದ್ದರೆ ದಯವಿಟ್ಟು ಮುಗಿಸಿ. ಪ್ರಕಾಶಕರು ಬಂದರೆ ಸಂತೋಷದಿಂದ ಮಾತಾಡಿ. ಸಹಿ ಹಾಕುವ ಮೊದಲು ಆಟದ ಹಕ್ಕು ಯಾರ ಹೆಸರಿನಲ್ಲಿದೆ, ಒಪ್ಪಂದ ಎಷ್ಟು ವರ್ಷಕ್ಕೆ ಎಂಬ ಎರಡು ಸಾಲನ್ನು ಮಾತ್ರ ಎರಡೆರಡು ಸಲ ಓದಿ.